ಎಂಟು ಕಂಪ್ಯೂಟರಿಗೂ ಒಂದೇ ಸೆಟ್ಟಿಂಗ್

ಹದಿಮೂರು ವರ್ಷದ ಹುಡುಗಿಯೊಬ್ಬಳು ಚೆಸ್ಸಿನಲ್ಲಿ ಮೋಸ ಮಾಡಿದ್ದಾಳೆ ಎಂಬ ವರದಿಗೆ ಸಹಿ ಹಾಕಿದವಳು ನಾನು. ಯಾರೂ ಕೈ ಹಿಡಿದು ಹಾಕಿಸಲಿಲ್ಲ. ಪೆನ್ನು ಕೂಡ ನನ್ನದೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನಾನು ಬೇಕಾದಷ್ಟು ಜನರನ್ನು ಬೈಯುವವಳಿದ್ದೇನೆ. ನನ್ನ ಪಾಲಿನದನ್ನು ನಾನು ಮೊದಲು ತಿಂದು ಆಮೇಲೆ ಬೈದರೆ ನಾಲಿಗೆಗೆ ಸ್ವಲ್ಪ ಹಕ್ಕಿರುತ್ತದೆ.

ಸೂಲೂರಿನ ಒಂದು ಚೆಸ್ ಅಕಾಡೆಮಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವುದು ಆಗ ನನ್ನ ಕೆಲಸ. ಎಂಟು ಕಂಪ್ಯೂಟರು, ಎಂಟರಲ್ಲೂ ಒಂದೇ ಚೆಸ್ ಪ್ರೋಗ್ರಾಂ. ಗೊತ್ತಿಲ್ಲದವರಿಗೆ ಇಷ್ಟು ಹೇಳಬೇಕು: ಪರದೆಯ ಮೇಲೆ ಕಾಣುವ ಹಲಗೆ, ಕಾಯಿ, ಗಡಿಯಾರ ಎಲ್ಲ ಪ್ರೋಗ್ರಾಮಿನದು. ಆದರೆ ಯೋಚನೆ ಮಾಡುವುದು ಅದಲ್ಲ. ಅದಕ್ಕೆ ಎಂಜಿನ್ ಎಂಬ ಇನ್ನೊಂದು ಪ್ರೋಗ್ರಾಮನ್ನು ಒಳಗೆ ಜೋಡಿಸಬೇಕು. ಎಂಜಿನ್‌ಗೆ ಎಷ್ಟು ಮೆಮೊರಿ, ಪ್ರೊಸೆಸರಿನಲ್ಲಿ ಎಷ್ಟು ಪಾಲು, ಎಷ್ಟು ಆಳಕ್ಕೆ ಹುಡುಕಬೇಕು, ಒಂದು ಸ್ಥಿತಿಗೆ ಎಷ್ಟು ಉತ್ತರ ತೋರಿಸಬೇಕು, ಎಲ್ಲವನ್ನೂ ಒಂದೊಂದಾಗಿ ಹೊಂದಿಸಬೇಕು. ಲೋಕದ ಯಾವ ಮನುಷ್ಯನನ್ನಾದರೂ ಸೋಲಿಸುವ ಎಂಜಿನ್ನೇ ಇರಲಿ, ಹೊಂದಿಸಿದವರು ದಡ್ಡರಾದರೆ ಅದೂ ದಡ್ಡನೇ.

ಕರುಮತ್ತಂಪಟ್ಟಿಯಲ್ಲಿ ನಮ್ಮ ಮನೆಯ ಹಿಂದೆ ಆರು ವಿದ್ಯುತ್ ಮಗ್ಗಗಳಿವೆ. ಊರಿನ ಮಾತು ತಮಿಳು, ನಮ್ಮ ಮನೆಯ ಮಾತು ಕನ್ನಡ; ಮಗ್ಗಕ್ಕೆ ಮನೆಯಲ್ಲಿ ‘ತರಿ’ ಅನ್ನುತ್ತೇವೆ. ಒಂದು ತರಿ ಸರಿಯಾಗಿ ಓಡಿತು ಅಂದರೆ ಉಳಿದ ಐದಕ್ಕೂ ಅದೇ ಹಣಿಗೆ, ಅದೇ ಬಿಗಿ. ಆರು ತರಿಯ ಬಟ್ಟೆಯನ್ನು ಒಂದರ ಪಕ್ಕ ಒಂದು ಹಾಸಿದರೆ ಎಳೆಯಷ್ಟೂ ವ್ಯತ್ಯಾಸ ಕಾಣಬಾರದು. ಕಂಡರೆ ಪೀಸು ವಾಪಸ್ಸು. ಓಡುತ್ತಿರುವ ತರಿಯನ್ನು ಯಾರಾದರೂ ಮುಟ್ಟಿದರೆ ನಮ್ಮಮ್ಮನ ಬಾಯಿಂದ ಅವರ ಮೂರು ತಲೆಮಾರು ಹೊರಗೆ ಬರುತ್ತದೆ. ನಾನು ಆ ಶೆಡ್ಡಿನಲ್ಲಿ ಬೆಳೆದವಳು. ಕಂಪ್ಯೂಟರನ್ನೂ ಹಾಗೇ ನೋಡಿದೆ.

ಅಕಾಡೆಮಿಯ ಕೋಚ್ ಮೈಸೂರಿನ ಕಡೆಯವರು, ಬಂದು ಎರಡು ವರ್ಷವಾಗಿತ್ತು. ಹಾಲ್‌ನಲ್ಲಿ ಪ್ರೊಜೆಕ್ಟರ್ ಹಾಕಿ ಪಾಠ ಮಾಡುತ್ತಿದ್ದರು. ಒಂದು ದಿನ ಬಂದು, “ಮೇಡಂ, ಮಕ್ಕಳಿಗೆ ಎಂಜಿನ್ ಒಂದೇ ಉತ್ತರ ತೋರಿಸಿದ್ರೆ ಅದನ್ನೇ ಬಾಯಿಪಾಠ ಮಾಡ್ತಾರೆ. ಐದು ತೋರಿಸೋ ಹಾಗೆ ಮಾಡಿಕೊಡಿ, ಇಂಥ ಕಡೆ ಇದೂ ಆಡಬಹುದು, ಅದೂ ಆಡಬಹುದು ಅಂತ ಗೊತ್ತಾಗಲಿ,” ಅಂದರು. ಮಾಡಿಕೊಟ್ಟೆ. ಹಾಲ್‌ನ ಕಂಪ್ಯೂಟರಿನಲ್ಲಿ ಚೆನ್ನಾಗಿ ಓಡಿತು. ಚೆನ್ನಾಗಿ ಓಡಿತಲ್ಲ, ಅದರ ಸೆಟ್ಟಿಂಗ್ ಫೈಲನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಉಳಿದ ಏಳಕ್ಕೂ ಸುರಿದೆ. ಅದರಲ್ಲಿ ಅಕಾಡೆಮಿಯ ಕಾರ್ಯದರ್ಶಿಯ ಕೋಣೆಯದೂ ಒಂದು. ಅದರ ಮೇಲೆ, ಯಾರೂ ಬದಲಾಯಿಸದ ಹಾಗೆ ಫೈಲಿಗೆ ಬೀಗ ಹಾಕಿ ಪಾಸ್‌ವರ್ಡು ನನ್ನ ತಲೆಯಲ್ಲಿಟ್ಟುಕೊಂಡೆ. ಪ್ರತಿ ಮಾನಿಟರಿನ ಕೆಳಗೆ ‘ಸೆಟ್ಟಿಂಗ್ ಮುಟ್ಟಬಾರದು’ ಎಂದು ತಮಿಳಿನಲ್ಲಿ ಚೀಟಿ ಅಂಟಿಸಿದೆ. ಬಹಳ ಹೆಮ್ಮೆ ನನಗೆ.

ಆ ತಿಂಗಳ ಒಂದು ಭಾನುವಾರ ಅಕಾಡೆಮಿಯಲ್ಲಿ ಪಂದ್ಯಾವಳಿ. ಅದರಲ್ಲಿ ಮೇಲೆ ಬಂದವರಿಗೆ ಎರಡು ವಾರ ಬಿಟ್ಟು ಇನ್ನೊಂದು ಆಯ್ಕೆ ಪಂದ್ಯ. ಅದರಲ್ಲಿ ಗೆದ್ದ ಒಬ್ಬ ಹುಡುಗಿಗೆ ಎರಡು ಜಿಲ್ಲೆಗಳ ವಲಯ ತಂಡದಲ್ಲಿ ಜಾಗ. ಆ ಜಾಗ ಅಕಾಡೆಮಿಯ ಒಬ್ಬ ಹುಡುಗಿಗೆ ಅಂತ ಎಲ್ಲರೂ ಮೊದಲೇ ಬರೆದಿಟ್ಟಿದ್ದರು. ಅಷ್ಟರಲ್ಲಿ ಮಡತ್ತುಕುಳದಿಂದ ಎರಡು ಬಸ್ಸು ಬದಲಾಯಿಸಿ ಅಪ್ಪನ ಜೊತೆ ಬಂದ ಹುಡುಗಿ, ಕೋಚ್ ಇಲ್ಲ, ಅಕಾಡೆಮಿ ಇಲ್ಲ, ಶಾಲೆಯ ಡ್ರಿಲ್ ಮೇಷ್ಟ್ರ ಹತ್ತಿರ ಆಟ ಕಲಿತವಳು, ಕೊನೆಯ ಸುತ್ತಿನಲ್ಲಿ ಆನೆಯನ್ನು ಬೇಕಂತಲೇ ಕೊಟ್ಟು ನಲವತ್ತೊಂದು ನಡೆಗಳಲ್ಲಿ ನಮ್ಮವಳನ್ನು ಮುಗಿಸಿದಳು. ಆಟದ ನಡುವೆ ಎರಡು ಸಲ ಬಾತ್‌ರೂಮಿಗೆ ಹೋಗಿಬಂದಿದ್ದಳು. ಅಷ್ಟು ಸಾಕಾಯಿತು. ಹದಿಮೂರು ವರ್ಷದ ಹುಡುಗಿ ಎರಡು ಸಲ ಬಾತ್‌ರೂಮಿಗೆ ಹೋದರೆ ಕಾರಣ ಏನಿರಬಹುದು ಎಂದು ಆ ಗಂಡಸರ ಸಭೆಯಲ್ಲಿ ಒಬ್ಬನಿಗೂ ಹೊಳೆಯಲಿಲ್ಲ. ಫೋನೇ ಇರಬೇಕು ಅಂದರು. ಹುಡುಕಿದರು, ಫೋನು ಸಿಗಲಿಲ್ಲ. ಸಿಗದಿದ್ದರೆ ಎಲ್ಲೋ ಬಚ್ಚಿಟ್ಟಿದ್ದಾಳೆ ಅಂದರು.

ಸೋಮವಾರ ಬೆಳಿಗ್ಗೆ ಕಾರ್ಯದರ್ಶಿ ನನ್ನನ್ನು ಕರೆದರು. ಒಂದು ಕಾಲದಲ್ಲಿ ನೂಲಿನ ಗಿರಣಿಯ ಮ್ಯಾನೇಜರ್ ಆಗಿದ್ದವರು, ಈಗಲೂ ಎದುರಿಗೆ ನಿಂತವರೆಲ್ಲ ಶಿಫ್ಟಿಗೆ ತಡವಾಗಿ ಬಂದವರ ಹಾಗೆ ಕಾಣುತ್ತಿದ್ದರು ಅವರಿಗೆ. ಅವರ ಮಾತೆಲ್ಲ ತಮಿಳು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಖಾರ ಸ್ವಲ್ಪ ಕಡಿಮೆಯಾಗುತ್ತದೆ.

“ಎನ್ನಮ್ಮಾ, ಆ ಹುಡುಗಿಯ ಆಟವನ್ನು ಮಿಷಿನ್‌ಗೆ ಹಾಕು. ಎಷ್ಟು ನಡೆ ಮಿಷಿನ್ ಹೇಳಿದ ಹಾಗೇ ಇದೆ ನೋಡು. ಅವಳದು ಮಾತ್ರ ಸಾಕು.”

ಪ್ರೋಗ್ರಾಮಿನಲ್ಲಿ ‘ಹೋಲಿಕೆ ವರದಿ’ ಅಂತ ಒಂದು ಸೌಲಭ್ಯ ಇದೆ. ಆಟದ ಪ್ರತಿ ನಡೆಯಲ್ಲೂ ಎಂಜಿನ್ನನ್ನು ನಿಲ್ಲಿಸಿ ಕೇಳುತ್ತದೆ: ಇಲ್ಲಿ ನೀನಾಗಿದ್ದರೆ ಏನು ಆಡುತ್ತಿದ್ದೆ? ಹುಡುಗಿ ಆಡಿದ್ದು ಎಂಜಿನ್ನಿನ ಉತ್ತರದಲ್ಲಿ ಇದ್ದರೆ ಹಸಿರು ಗುರುತು, ಇಲ್ಲದಿದ್ದರೆ ಕೆಂಪು. ಕೊನೆಗೆ ಲೆಕ್ಕ. ಕಾರ್ಯದರ್ಶಿಯ ಕೋಣೆಯಲ್ಲೇ ಕೂತು ಓಡಿಸಿದೆ. ನಲವತ್ತೊಂದರಲ್ಲಿ ಮೂವತ್ತೆಂಟು ಹಸಿರು. ಕಾಗದ ಪ್ರಿಂಟರಿನಿಂದ ಬರುತ್ತಿದ್ದ ಹಾಗೇ ಆ ಮನುಷ್ಯನ ಮುಖ ಅರಳಿತು.

“ಸೆಟ್ಟಿಂಗ್ ಎಲ್ಲ ಸರಿ ಇದೆ ಅಂತ ಕೆಳಗೆ ಒಂದು ಸಾಲು ಬರೆದು ಕೈಯೆಳುತ್ತು ಹಾಕು,” ಅಂದರು. ಕೈಯೆಳುತ್ತು ಅಂದರೆ ಸಹಿ. ನಾನು ‘ಎಂಜಿನ್ ಸೆಟ್ಟಿಂಗ್ ಪರಿಶೀಲಿಸಿದ್ದೇನೆ, ಸರಿಯಾಗಿದೆ’ ಎಂದು ಬರೆದು ಹಾಕಿದೆ. ಪರಿಶೀಲಿಸಿರಲಿಲ್ಲ. ನಾನೇ ಹಾಕಿದ ಸೆಟ್ಟಿಂಗ್, ಅದನ್ನೇನು ನೋಡುವುದು?

ಮಂಗಳವಾರ ಹುಡುಗಿಯನ್ನೂ ಅವಳ ಅಪ್ಪನನ್ನೂ ಕರೆಸಿದರು. ಅಪ್ಪ ಬಿಳಿ ಪಂಚೆ, ಹೆಗಲ ಮೇಲೆ ಟವೆಲ್, ಮಾತಿಗೊಮ್ಮೆ ‘ಸರೀಂಗ, ಸರೀಂಗ’. ಹುಡುಗಿ ಶಾಲೆಯ ಯೂನಿಫಾರ್ಮಿನಲ್ಲೇ ಬಂದಿದ್ದಳು, ಎರಡು ಜಡೆ, ಎದೆಗೆ ಅವುಚಿದ ಒಂದು ನೋಟ್‌ಬುಕ್ಕು. ಅದರಲ್ಲಿ ತಾನು ಆಡಿದ ಪ್ರತಿ ಆಟ, ಯಾವ ನಡೆ ಯಾಕೆ ಆಡಿದೆ ಎಂದು ಪೆನ್ಸಿಲಿನಲ್ಲಿ ಬರೆದುಕೊಂಡಿದ್ದಳು. ಕಾರ್ಯದರ್ಶಿ ಅದನ್ನು ತೆರೆಯಲೂ ಇಲ್ಲ. “ಇದನ್ನು ನಿನ್ನೆ ಕೂತು ಬರೆದಿರಬಹುದು,” ಅಂದರು. ಕೋಚ್ ಪಕ್ಕದಲ್ಲಿ ಕೂತು ಕಿಟಕಿಯ ಹೊರಗೆ ನೋಡುತ್ತಿದ್ದರು. ಮೇಲೆ ವಾಯುಪಡೆಯ ವಿಮಾನ ಹೋದಾಗ ಗಾಜು ನಡುಗಿತು.

“ಯಾವ ಆ್ಯಪು? ಫೋನ್ ಯಾರದು? ಒಪ್ಪಿಕೊಂಡರೆ ಒಂದು ವರ್ಷ. ಒಪ್ಪದಿದ್ದರೆ ಮೂರು ವರ್ಷ ಎಲ್ಲೂ ಆಡಬಾರದು ಅಂತ ಮೇಲಕ್ಕೆ ಬರೆಯುತ್ತೇನೆ. ವಿಚಾರಣೆ ಶುಕ್ರವಾರ. ಅಷ್ಟರಲ್ಲಿ ಯೋಚನೆ ಮಾಡಿ,” ಅಂದರು ಕಾರ್ಯದರ್ಶಿ.

ಹುಡುಗಿ ತಮಿಳಿನಲ್ಲಿ ಒಂದೇ ಮಾತು ಹೇಳಿದಳು: “ನಾನೇ ಆಡಿದೆ ಸಾರ್.”

ಹೊರಗೆ ಕಾರಿಡಾರಿನಲ್ಲಿ ನಾನು ಅಮ್ಮನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದೆ. ಅದು ಹುಡುಗಿಯ ಅಪ್ಪನ ಕಿವಿಗೆ ಬಿತ್ತು. ಫೋನ್ ಇಡುವ ತನಕ ಕಾದು ಹತ್ತಿರ ಬಂದ.

“ನೀವ್ ನಮ್ಮೋರಾ? ಕನ್ನಡ ಮಾತಾಡ್ತೀರಲ್ಲ! ನಾವೂ ಮನೇಲಿ ಇದೇ ಮಾತೇ. ಒಳಗ ಇಂಗ್ಲೀಷ್ ಕಾಗ್ದ ತೋರ್ಸಿ ಏನೇನೋ ಹೇಳ್ತಾರೆ, ನಂಗೆ ಒಂದೂ ಪುರಿಯಲ್ಲೆ. ನೀವೇ ಹೇಳೀಂಗ, ಆ ಮಿಷಿನ್ ಪೊಯ್ ಹೇಳುತ್ತಾ?”

“ಮಿಷಿನ್ ಸುಳ್ಳು ಹೇಳಲ್ಲ,” ಅಂದೆ. ಸೆಟ್ಟಿಂಗ್ ನನ್ನದಲ್ಲವೇ, ಬಿಟ್ಟುಕೊಡಲಾದೀತೇ?

“ಸರೀಂಗ,” ಅಂದ. ತಿರುಗಿ ಮಗಳ ಕಡೆ ನೋಡಿದ. “ನಮ್ಮೋರೇ ಹೇಳ್ತಾರೆ. ಇನ್ನೇನು?” ಅಂದವನೇ ಅವಳ ಕೆನ್ನೆಗೆ ಬಾರಿಸಿದ. ಅವಳು ಅಳಲಿಲ್ಲ. ಬಿದ್ದ ನೋಟ್‌ಬುಕ್ಕನ್ನು ಎತ್ತಿ ಲಂಗದಿಂದ ಧೂಳು ಒರೆಸಿದಳು. ಆಮೇಲೆ ನನ್ನನ್ನು ನೋಡಿದಳು. ಅಪ್ಪನನ್ನಲ್ಲ, ನನ್ನನ್ನು. ಇಬ್ಬರೂ ಬಸ್‌ಸ್ಟಾಂಡಿನ ಕಡೆ ನಡೆದರು, ಅಪ್ಪ ಮುಂದೆ, ಅವಳು ಹತ್ತು ಮಾರು ಹಿಂದೆ.

ನನಗೆ ಬಂದ ಕೋಪ ಮೊದಲು ಅವನ ಮೇಲೆ, ಆಮೇಲೆ ಕಾರ್ಯದರ್ಶಿಯ ಮೇಲೆ. ನನ್ನ ಮೇಲೆ ಬರಲು ಇನ್ನೂ ಒಂದು ದಿನ ಬೇಕಾಯಿತು.

ಬುಧವಾರ ಬೆಳಿಗ್ಗೆ ಅದೇ ವರದಿಯನ್ನು ಇನ್ನೊಮ್ಮೆ ಓಡಿಸಿದೆ. ಮೂವತ್ತೇಳು ಬಂತು. ಮತ್ತೊಮ್ಮೆ ಓಡಿಸಿದೆ, ಮೂವತ್ತೊಂಬತ್ತು. ಲೆಕ್ಕವೇ ನಿಲ್ಲದಿದ್ದರೆ ತಪ್ಪು ಹುಡುಗಿಯದಲ್ಲ, ವರದಿಯದೇ ಇರಬಹುದು. ಒಂದೇ ಆಟಕ್ಕೆ ಮೂರು ಲೆಕ್ಕ ಹೇಗೆ ಬರುತ್ತದೆ? ಅದಕ್ಕೆ ಕಾರಣ ಗೊತ್ತಿತ್ತು. ಎಂಜಿನ್‌ಗೆ ಪ್ರೊಸೆಸರಿನ ನಾಲ್ಕು ಪಾಲು ಕೊಟ್ಟಿದ್ದೆ. ನಾಲ್ಕು ಕೈ ಒಟ್ಟಿಗೆ ಹುಡುಕುವಾಗ ಯಾವುದು ಮೊದಲು ಏನು ಮುಟ್ಟುತ್ತದೆ ಎಂಬುದು ಪ್ರತಿ ಸಲ ಬೇರೆ, ಹಾಗಾಗಿ ಉತ್ತರವೂ ಅಷ್ಟಿಷ್ಟು ಬೇರೆ. ಜೊತೆಗೆ ಪ್ರತಿ ನಡೆಗೆ ಎರಡು ಸೆಕೆಂಡು ಅಂತ ಸಮಯದ ಮಿತಿ ಇಟ್ಟಿದ್ದೆ, ಆ ಹೊತ್ತಿನಲ್ಲಿ ಕಂಪ್ಯೂಟರ್ ಬೇರೆ ಕೆಲಸದಲ್ಲಿದ್ದರೆ ಹುಡುಕಾಟ ಕಡಿಮೆಯಾಗುತ್ತದೆ. ಸರಿ, ನಾಲ್ಕು ಪಾಲನ್ನು ಒಂದಕ್ಕಿಳಿಸಿದೆ. ಹಳೆಯ ಲೆಕ್ಕ ನೆನಪಿರದ ಹಾಗೆ ಪ್ರತಿ ಸಲ ಮೆಮೊರಿ ಖಾಲಿ ಮಾಡಲು ಹೇಳಿದೆ. ಸೆಕೆಂಡಿನ ಬದಲು ಇಷ್ಟೇ ಆಳ ಅಂತ ಗೊತ್ತು ಮಾಡಿದೆ. ಈಗ ಎಷ್ಟು ಸಲ ಓಡಿಸಿದರೂ ಒಂದೇ ಉತ್ತರ ಬರಲೇಬೇಕು.

ಬಂತು. ಊಟದ ಹೊತ್ತಿನ ತನಕ ಮೂರು ಸಲ ಓಡಿಸಿದೆ, ಮೂರು ಸಲವೂ ಮೂವತ್ತೊಂಬತ್ತು. ಹುಡುಗಿಯನ್ನು ಬಿಡಿಸಲು ಹೋಗಿ ಇನ್ನೊಂದು ಮೊಳೆ ಹೊಡೆದಿದ್ದೆ.

ಅದೇ ಹೊತ್ತಿಗೆ ಕಾರ್ಯದರ್ಶಿ ಒಳಗೆ ಬಂದರು. ಪ್ರಿಂಟರಿನಲ್ಲಿದ್ದ ಕಾಗದ ಎತ್ತಿ ನೋಡಿದರು. “ಪರವಾಯಿಲ್ಲೆ! ಒಂದು ಜಾಸ್ತಿಯೇ ಆಗಿದೆ. ಇದಕ್ಕೂ ಕೈಯೆಳುತ್ತು ಹಾಕು,” ಅಂದರು. ಹಾಕುವುದಿಲ್ಲ ಅಂದೆ. “ಯಾಕೆ?” ಅಂದರು. “ಇನ್ನೂ ನೋಡುತ್ತಿದ್ದೇನೆ,” ಅಂದೆ. “ಮೊನ್ನೆ ನೋಡಿಯಾಗಿದೆ ಅಂತ ಬರೆದುಕೊಟ್ಟವಳು ನೀನೇ ತಾನೆ?” ಅಂದು ಕಾಗದ ಮಡಚಿ ಜೇಬಿಗೆ ಹಾಕಿಕೊಂಡು ಹೋದರು.

ಕೋಚ್‌ಗೆ ಹೇಳಿದೆ. ಟೀ ಕುಡಿಯುತ್ತಾ ಕೇಳಿಸಿಕೊಂಡರು. “ಮೇಡಂ, ಆ ಆನೆ ಕೊಟ್ಟ ನಡೆ ಮನುಷ್ಯರು ಕಂಡುಹಿಡಿಯೋ ನಡೆಯೇ. ಚೆನ್ನಾಗಿ ಆಡಿದ್ದಾಳೆ ಹುಡುಗಿ. ಆದ್ರೆ ನಾನು ಹೊರಗಿನವನು, ನನಗೆ ಯಾಕೆ ಈ ಉಸಾಬರಿ?”

“ನಿನ್ನೆ ಒಳಗೆ ಕೂತಿದ್ದಾಗ ಇದನ್ನ ಹೇಳಬಹುದಿತ್ತಲ್ಲ?”

“ಹೇಳಿದ್ರೆ ಕೇಳ್ತಿದ್ರಾ?”

“ಬಾಯಿ ಇರೋದು ಟೀ ಕುಡಿಯೋಕೆ ಮಾತ್ರವಾ?” ಅಂದೆ. ಅವರು ಲೋಟ ಕೆಳಗಿಟ್ಟರು. ಎರಡು ವರ್ಷದಲ್ಲಿ ನಾನು ಅವರಿಗೆ ಬೈದದ್ದು ಅದೇ ಮೊದಲು.

ಸಂಜೆ ಮನೆಗೆ ಹೋದಾಗ ಅಮ್ಮ ಶೆಡ್ಡಿನ ಬಾಗಿಲಲ್ಲಿ ಕೂತು ಪೀಸು ಮಡಚುತ್ತಿದ್ದಳು. ತರಿಗಳ ಸದ್ದಿನ ಮೇಲೆ ಕೂಗಿ ಕೂಗಿ ಎಲ್ಲ ಹೇಳಿದೆ. ಕೆನ್ನೆಗೆ ಬಿದ್ದ ಏಟಿನ ತನಕ ಮಡಚುತ್ತಲೇ ಕೇಳಿದಳು.

“ನೀನ್ ನೋಡ್ದೇನೇ ಕೈಯೆಳುತ್ತು ಹಾಕ್ದೆಯಾ?”

“ನಾನೇ ಹಾಕಿದ ಸೆಟ್ಟಿಂಗ್ ಅಮ್ಮಾ.”

“ಎತ್ತು ಈಯ್ತು ಅಂದ್ರೆ ಕೊಟ್ಟಿಗೇಗೆ ಕಟ್ಟು ಅನ್ನೋ ಜಾತಿ ಕಣೇ ನೀನು! ಯಾರೋ ಪೆತ್ತ ಪುಳ್ಳೆ, ಯಾರ ಮನೆ ಮಗೂನೋ, ನಿನ್ನ ಮಾತಿಗೆ ಏಟು ತಿಂತು.” ಅಮ್ಮ ಪೀಸನ್ನು ಪಕ್ಕಕ್ಕೆ ಒಗೆದಳು. “ಮೀಟರ್ ಕೋಲು ಮೇಲೆ ಸಂದೇಹ ಬಂದ್ರೆ ನಾವ್ ಏನ್ ಮಾಡ್ತೀವಿ? ಸುಮ್ಮಾ ಅದೇ ಪೀಸನ್ನ ನೂರು ಕಿತ ಅಳೀತೀವಾ? ಅಳತೆ ಗೊತ್ತಿರೋ ಪೀಸ್ ಇಟ್ಟು ಅಳೀತೀವಿ. ಅದ್ರಲ್ಲಿ ತಪ್ಪು ಬಂದ್ರೆ ಕೋಲು ತಪ್ಪು. ಇಷ್ಟ್ ಓದಿ ಏನ್ ಕಿಸ್ದೆ?”

ನಿಜ. ಬೆಳಿಗ್ಗೆಯಿಂದ ನಾನು ಅದೇ ಪೀಸನ್ನು ಅಳೆಯುತ್ತಿದ್ದೆ.

ಗುರುವಾರ ಬೆಳಿಗ್ಗೆ ಕೋಚ್‌ನ ಎದುರು ಹಲಗೆ ಹಾಸಿ, “ನನ್ನ ಜೊತೆ ಒಂದು ಆಟ ಆಡಿ,” ಅಂದೆ.

“ನಿಮಗೆ ಆಟ ಬರುತ್ತಾ?”

“ಕುದುರೆ ಹೇಗೆ ಹಾರುತ್ತೆ ಅಂತ ಗೊತ್ತು. ಸಾಕು.”

ಹಿಂದಿನ ದಿನದ ಬೈಗುಳ ಇನ್ನೂ ಕಿವಿಯಲ್ಲಿದ್ದಿರಬೇಕು, ಮರುಮಾತಾಡದೆ ಕೂತರು. ನಾನು ಮೋಸ ಮಾಡುತ್ತಿಲ್ಲ ಎಂಬುದು ಇಡೀ ಕಟ್ಟಡದಲ್ಲಿ ನನಗೆ ಖಾತ್ರಿಯಿದ್ದ ಒಂದೇ ಸಂಗತಿ. ಇಪ್ಪತ್ತನಾಲ್ಕು ನಡೆಗೆ ನನ್ನ ರಾಜನಿಗೆ ಓಡಲು ದಾರಿ ಇರಲಿಲ್ಲ. ಮಂತ್ರಿಯನ್ನು ಹತ್ತನೆಯ ನಡೆಗೇ ಕಳೆದುಕೊಂಡಿದ್ದೆ. ಆ ಆಟವನ್ನು ಹೋಲಿಕೆ ವರದಿಗೆ ಹಾಕಿದೆವು. ಇಪ್ಪತ್ತನಾಲ್ಕರಲ್ಲಿ ಇಪ್ಪತ್ತು ಹಸಿರು.

ಕೋಚ್ ಪರದೆ ನೋಡಿದರು, ನನ್ನನ್ನು ನೋಡಿದರು. “ಅಂದ್ರೆ ನೀವೂ ಕಳ್ಳೀನಾ?” ಅಂದರು. ನಗು ಬರಲಿಲ್ಲ ಇಬ್ಬರಿಗೂ.

ಆಗ ಮೊದಲ ದಿನವೇ ತೆಗೆಯಬೇಕಿದ್ದ ಲಾಗ್ ಫೈಲನ್ನು ತೆಗೆದೆ. ಪ್ರೋಗ್ರಾಂ ಎಂಜಿನ್‌ಗೆ ಏನೇನು ಹೇಳಿತು, ಎಂಜಿನ್ ಏನು ಉತ್ತರ ಕೊಟ್ಟಿತು ಎಂಬುದು ಅಕ್ಷರ ಬಿಡದೆ ಅದರಲ್ಲಿ ಇರುತ್ತದೆ. ಮೊದಲ ಹತ್ತು ಸಾಲಿನಲ್ಲೇ ಕೂತಿತ್ತು: ತೋರಿಸಬೇಕಾದ ಉತ್ತರಗಳು, ಐದು. ಹಾಲ್‌ನ ಪ್ರೊಜೆಕ್ಟರಿಗೆ ಅಂತ ಹಾಕಿ, ನಾನೇ ಎಂಟೂ ಕಂಪ್ಯೂಟರಿಗೆ ಸುರಿದು, ನಾನೇ ಬೀಗ ಹಾಕಿದ ಐದು. ಹೋಲಿಕೆ ವರದಿ ಆ ಐದರಲ್ಲಿ ಯಾವುದೊಂದು ಹೊಂದಿದರೂ ಹಸಿರು ಹಾಕುತ್ತಿತ್ತು. ಪರೀಕ್ಷೆಯಲ್ಲಿ ಪ್ರತಿ ಪ್ರಶ್ನೆಗೆ ಐದು ಉತ್ತರ ಸರಿ ಅಂದರೆ ಯಾವ ಕತ್ತೆ ತಾನೇ ಫೇಲಾಗುತ್ತದೆ? ರಾಜನಿಗೆ ಶಹ ಕೊಟ್ಟಾಗ ಆಡಲು ಇರುವುದೇ ಎರಡೋ ಮೂರೋ ನಡೆ, ಅವೆಲ್ಲ ತಾವಾಗಿಯೇ ಹಸಿರು. ಅದು ಸಾಲದು ಅಂತ, ಎಲ್ಲರೂ ಕಲಿತೇ ಬರುವ ಆರಂಭದ ನಡೆಗಳನ್ನು ಬಿಟ್ಟು ಎಣಿಸು ಎಂಬ ಕಡೆ ಸೊನ್ನೆ ಇತ್ತು. ಅದೂ ನನ್ನ ಕೈಯದೇ.

ಮಿಷಿನ್ ಸುಳ್ಳು ಹೇಳಿರಲಿಲ್ಲ. ನಾನು ಹೇಳಿಸಿದ್ದನ್ನು ಹೇಳಿತ್ತು.

ಉತ್ತರಗಳನ್ನು ಒಂದಕ್ಕಿಳಿಸಿ, ಮೊದಲ ಹತ್ತು ನಡೆ ಬಿಟ್ಟು, ಮತ್ತೆ ಓಡಿಸಿದೆ. ಹುಡುಗಿಗೆ ಉಳಿದ ಮೂವತ್ತೊಂದರಲ್ಲಿ ಹದಿನಾರು. ನನಗೆ ಹದಿನಾಲ್ಕರಲ್ಲಿ ಎರಡು. ಕೋಚ್ ತಮ್ಮ ಹಳೆಯ ಪಂದ್ಯವೊಂದನ್ನು ಕೊಟ್ಟರು: ಇಪ್ಪತ್ತಾರರಲ್ಲಿ ಹದಿನಾಲ್ಕು. “ಚೆನ್ನಾಗಿ ಆಡೋ ಮನುಷ್ಯರು ಹೀಗೇ ಬರ್ತಾರೆ,” ಅಂದರು. ಇನ್ನೊಂದು ಆಟವನ್ನೂ ನಾನು ಹಾಕಿದೆ. ಕಾರ್ಯದರ್ಶಿ ಕಾಲೇಜಿನಲ್ಲಿದ್ದಾಗ ಕಪ್ ಗೆದ್ದ ಆಟ. ಅದರ ನಡೆಗಳನ್ನು ಚೌಕಟ್ಟು ಹಾಕಿಸಿ ಕೋಣೆಯ ಗೋಡೆಗೆ ತೂಗುಹಾಕಿದ್ದರು, ಬರೆದುಕೊಂಡು ಬರಲು ಐದು ನಿಮಿಷ ಸಾಕಾಯಿತು. ಎಲ್ಲವನ್ನೂ ಎರಡೆರಡು ಸಲ ಪ್ರಿಂಟ್ ಮಾಡಿದೆ, ಹಳೆಯ ಸೆಟ್ಟಿಂಗಿನಲ್ಲಿ ಒಮ್ಮೆ, ಹೊಸದರಲ್ಲಿ ಒಮ್ಮೆ.

ಇಷ್ಟಾದ ಮೇಲೆ ಎರಡು ದಾರಿ ಇತ್ತು. ಕೋಚ್ ಹೇಳಿದ ದಾರಿ: ಪ್ರೋಗ್ರಾಮಿನಲ್ಲಿ ಏನೋ ದೋಷ, ಅಪ್‌ಡೇಟ್ ಮಾಡಿದೆವು, ಈಗ ಸರಿಯಾಯಿತು ಅನ್ನುವುದು. ಯಾರ ತಲೆಯ ಮೇಲೂ ಬರುವುದಿಲ್ಲ. “ನಿಮ್ಮ ಕೆಲಸವೂ ಉಳಿಯುತ್ತೆ ಮೇಡಂ,” ಅಂದರು, ಒಳ್ಳೆಯ ಮನಸ್ಸಿನಿಂದಲೇ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಆ ಗಾದೆ ನನಗೇ ಅಂತ ಹುಟ್ಟಿದ್ದು ಅಂದುಕೊಂಡೆ. ಪ್ರೋಗ್ರಾಮಿನ ದೋಷ ಅಂದರೆ ಇವತ್ತು ಒಂದು ದೋಷ, ನಾಳೆ ಇನ್ನೊಂದು ಅಪ್‌ಡೇಟು, ಹುಡುಗಿ ಹಾಗೂ ಇರಬಹುದು ಹೀಗೂ ಇರಬಹುದು ಅಂತ ಜನ ಮಾತಾಡುತ್ತಲೇ ಇರುತ್ತಾರೆ. ತಪ್ಪು ಇಂಥವಳದು ಅಂತ ಒಂದು ಹೆಸರು ಬೀಳದೆ ಅವಳ ಹೆಸರು ಮೇಲೇಳುವುದಿಲ್ಲ. ನನ್ನ ಹೆಸರೇ ಬೀಳಲಿ ಅಂದೆ.

ಶುಕ್ರವಾರ ವಿಚಾರಣೆ. ಅಪ್ಪ ಮಗಳು ಬಾಗಿಲ ಹತ್ತಿರದ ಬೆಂಚಿನಲ್ಲಿ ಕೂತಿದ್ದರು. ನಾನು ಹಳೆಯ ಸೆಟ್ಟಿಂಗಿನ ನಾಲ್ಕು ವರದಿಗಳನ್ನು, ಹೆಸರಿದ್ದ ಕಡೆ ಮಡಚಿ, ಕಾರ್ಯದರ್ಶಿಯ ಮೇಜಿನ ಮೇಲೆ ಸಾಲಾಗಿ ಇಟ್ಟೆ.

“ಇದರಲ್ಲಿ ಮೋಸ ಮಾಡಿದವರು ಯಾರು ಸಾರ್?”

ಕನ್ನಡಕ ಏರಿಸಿಕೊಂಡು ನಾಲ್ಕನ್ನೂ ನೋಡಿದರು. ನಲವತ್ತಮೂರರಲ್ಲಿ ನಲವತ್ತೆರಡು ಹಸಿರಿದ್ದ ಕಾಗದದ ಮೇಲೆ ಬೆರಳಿಟ್ಟರು. “ಇದೇ. ಇದರಲ್ಲಿ ಸಂದೇಹವೇ ಇಲ್ಲ. ನೋಡಿದರೆ ಗೊತ್ತಾಗುತ್ತೆ.”

ಮಡಿಕೆ ಬಿಚ್ಚಿದೆ. ಅವರ ಹೆಸರಿತ್ತು.

ಆ ಕ್ಷಣದ ಮುಖವನ್ನು ಬಣ್ಣಿಸಲು ನನಗೆ ಆಸೆ ಬಹಳ, ಆದರೆ ಅವರ ವಯಸ್ಸಿಗೆ ಮರ್ಯಾದೆ ಕೊಟ್ಟು ಬಿಡುತ್ತೇನೆ. ಮೊದಲು ಅವರು ಕೇಳಿದ್ದು, ನನ್ನ ಆಟವನ್ನು ಮುಟ್ಟಲು ನಿನಗೆ ಯಾರು ಅನುಮತಿ ಕೊಟ್ಟರು ಅಂತ. ನಾನು ಹೊಸ ವರದಿಗಳನ್ನು ಕೊಟ್ಟು, ಐದು ಉತ್ತರದ ಕಥೆಯನ್ನು ಲಾಗ್ ಫೈಲಿನ ಸಾಲು ತೋರಿಸಿ ಹೇಳಿದೆ. ಕೇಳಿ ಮುಗಿಸಿ ಅವರು ನನ್ನ ಸೋಮವಾರದ ಸಹಿ ಇದ್ದ ಕಾಗದವನ್ನು ಎತ್ತಿ ಹಿಡಿದರು.

“ಹಾಗಾದರೆ ಇದು ಏನು? ಸುಳ್ಳಾ?”

“ಸುಳ್ಳು. ನಾನು ನೋಡದೆ ಬರೆದದ್ದು. ಹಾಗಂತ ಈಗ ಬರೆದುಕೊಡುತ್ತೇನೆ.”

“ಬರಿ. ಸಂದೇಹದ ಲಾಭ ಕೊಟ್ಟು ಆಟಗಾರ್ತಿಯನ್ನು ಬಿಡಲಾಗಿದೆ ಅಂತ ಬರಿ.”

“ಅದೇನು ಭಿಕ್ಷೆಯಾ?” ನನ್ನ ಧ್ವನಿ ಏರಿತು. “ಸಂದೇಹ ಎಲ್ಲಿದೆ? ಅವಳು ತಪ್ಪು ಮಾಡಿಲ್ಲ, ತಪ್ಪು, ಸೆಟ್ಟಿಂಗ್ ಹಾಕಿದ ನನ್ನದು, ಅಷ್ಟೇ ಬರೆಯುವುದು.”

ಬರೆದೆ. ತಮಿಳಿನಲ್ಲಿ, ಯಾರಿಗೂ ಅನುಮಾನ ಬರದ ಹಾಗೆ ದೊಡ್ಡ ಅಕ್ಷರದಲ್ಲಿ. ಸೂಚನಾ ಫಲಕಕ್ಕೆ ನಾನೇ ಅಂಟಿಸಿದೆ, ಫೋಟೋ ತೆಗೆದು ಪೋಷಕರ ಗುಂಪಿಗೆ ಕಳಿಸಿದೆ. ಹಿಂದಿರುಗಿ ಬರುವಷ್ಟರಲ್ಲಿ ಕಾರ್ಯದರ್ಶಿ, ಕಂಪ್ಯೂಟರ್ ಕೋಣೆಯ ಬೀಗದ ಕೈ ಮೇಜಿನ ಮೇಲಿಟ್ಟು ಹೋಗು ಅಂದರು. ಇಟ್ಟೆ. ಪಾಸ್‌ವರ್ಡು ಕೇಳಿದರು. ಅದನ್ನೂ ಬರೆದುಕೊಟ್ಟೆ.

ಬಾಗಿಲಲ್ಲಿ ಹುಡುಗಿಯ ಅಪ್ಪ ನಿಂತಿದ್ದ. ತಪ್ಪಾಯಿತು ಅಂದೆ, ಕನ್ನಡದಲ್ಲೇ. ಅವನು ಸರೀಂಗ ಅನ್ನಲಿಲ್ಲ.

“ನಮ್ಮೋರು ಅಂತ ನಂಬ್ದೆ. ನಿಮ್ ಮಾತ್ ಕೇಳಿ ಪುಳ್ಳೇನ ಹೊಡ್ದೆ. ಅದನ್ನ ಯಾವ ಕಾಗ್ದ ಬರ್ದು ವಾಪಸ್ ತಕ್ಕೋತೀರಿ?”

ಮಗಳನ್ನು ಕರೆದುಕೊಂಡು ಬಸ್‌ಸ್ಟಾಂಡಿನ ಕಡೆ ನಡೆದ.

ಮುಂದಿನ ವಾರದ ಆಯ್ಕೆ ಪಂದ್ಯ ಪಲ್ಲಡದ ಒಂದು ಕಲ್ಯಾಣಮಂಟಪದಲ್ಲಿ. ನಾಲ್ಕು ಹುಡುಗಿಯರು, ಪ್ರತಿಯೊಬ್ಬಳಿಗೂ ಮೂರು ಆಟ. ಪಟ್ಟಿಯಲ್ಲಿ ಅವಳ ಹೆಸರಿತ್ತು. ನನಗೆ ಅಲ್ಲಿ ಯಾವ ಕೆಲಸವೂ ಇರಲಿಲ್ಲ, ಆದರೂ ಬೆಳಿಗ್ಗೆಯೇ ಬಸ್ಸು ಹತ್ತಿ ಹೋದೆ. ಪ್ರೇಕ್ಷಕರಿಗೆ ಅಂತ ಕಟ್ಟಿದ್ದ ಹಗ್ಗದ ಆಚೆ ಕೋಚ್ ಕೂಡ ಬಂದು ನನ್ನ ಪಕ್ಕ ನಿಂತರು. ಎದುರಿನ ತೀರ್ಪುಗಾರರ ಮೇಜಿನಲ್ಲಿ ಕಾರ್ಯದರ್ಶಿ ಕೂತಿದ್ದರು.

ಮೊದಲ ಆಟ ನಡುಘಟ್ಟಕ್ಕೆ ಬಂದಾಗ ಕೋಚ್ ನನ್ನ ಮೊಣಕೈ ಹಿಡಿದರು. “ಬಂತು ಮೇಡಂ,” ಎಂದು ಪಿಸುಗುಟ್ಟಿದರು. “ಒಂಟೆಯನ್ನ ಕೊಟ್ಟುಬಿಟ್ರೆ ಐದೇ ನಡೆಗೆ ಮುಗೀತು. ಕಾಣುತ್ತೆ ಅವಳಿಗೆ, ಕಂಡೇ ಕಾಣುತ್ತೆ.”

ಹುಡುಗಿಯ ಕೈ ಒಂಟೆಯ ಮೇಲಕ್ಕೆ ಹೋಯಿತು. ಮುಟ್ಟಿದರೆ ಅದನ್ನೇ ಆಡಬೇಕು, ಚೆಸ್ಸಿನ ನಿಯಮ ಅದು. ಬೆರಳು ಕಾಯಿಯಿಂದ ಒಂದಂಗುಲ ಮೇಲೆ ನಿಂತಿತು. ಅವಳು ತಲೆಯೆತ್ತಿ ತೀರ್ಪುಗಾರರ ಮೇಜನ್ನು ನೋಡಿದಳು. ಕೈ ಹಿಂದಕ್ಕೆ ಬಂತು. ಬದಿಯ ಒಂದು ಕಾಲಾಳನ್ನು ಒಂದು ಮನೆ ಮುಂದೆ ತಳ್ಳಿ ಗಡಿಯಾರ ಒತ್ತಿದಳು.

“ಅಯ್ಯೋ!” ಅಂದರು ಕೋಚ್. ಅರ್ಧ ಗಂಟೆಯಲ್ಲಿ ಅವಳು ಸೋತಳು.

ವಿರಾಮದಲ್ಲಿ ಹೊರಗೆ ಮೆಟ್ಟಿಲ ಮೇಲೆ ಒಬ್ಬಳೇ ಕೂತಿದ್ದಳು. ಅಪ್ಪ ನೀರು ತರಲು ಹೋಗಿದ್ದ. ನಾನು ಪಕ್ಕದಲ್ಲಿ ಕೂತೆ. ಎದ್ದು ಹೋಗುತ್ತಾಳೇನೋ ಅಂದುಕೊಂಡೆ, ಹೋಗಲಿಲ್ಲ.

“ಆ ಒಂಟೆ ನಡೆ ಕಾಣಲಿಲ್ವಾ ನಿನಗೆ?”

“ಕಾಣ್ತು ಅಕ್ಕಾ.”

“ಮತ್ತೆ?”

“ರೊಂಬ ಒಳ್ಳೇ ನಡೆ ಅದು. ಆಡಿದ್ರೆ ಗೆದ್ದೋಗ್ತಿದ್ದೆ.”

“ಗೆಲ್ಲೋಕೆ ತಾನೇ ಬಂದದ್ದು? ಯಾಕೆ ಆಡ್ಲಿಲ್ಲ?”

ಅವಳು ಪೆನ್ಸಿಲಿನ ತುದಿಯನ್ನು ಮೆಟ್ಟಿಲ ಕಲ್ಲಿಗೆ ಉಜ್ಜುತ್ತಿದ್ದಳು.

“ಗೆದ್ರೆ ಫೋನ್ ಯಾರದು ಅಂತ ತಿರುಗ ಕೇಳ್ತಾರೆ. ಆಗ ಕಾಗ್ದ ಬರ್ದುಕೊಡೋಕೆ ನೀವ್ ಅಲ್ಲಿ ಇರಲ್ವಲ್ಲ.”

ಒಳಗೆ ಎರಡನೆಯ ಸುತ್ತಿಗೆ ಹೆಸರು ಕರೆದರು. ಅವಳು ಪೆನ್ಸಿಲನ್ನು ಜೇಬಿಗೆ ಹಾಕಿಕೊಂಡು ಎದ್ದು ಹೋದಳು.